ಗೆರೆ ಮೇಲಿನ ಮನೆ

ನಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ನಮ್ಮೂರಿನ ಬೋಳಾರದ ಓಣಿಗಳಲ್ಲಿ ಈಗಲೂ ಅವರಿವರನ್ನು ಕೇಳಿಕೊಂಡೇ ಮುಂದೆ ಹೋಗುತ್ತೇನೆ. ಆಫೀಸಿನ ಕುರ್ಚಿಯಲ್ಲಿ ಕೂತಾಗ ಮಾತ್ರ ನನ್ನಷ್ಟು ಊರು ಬಲ್ಲವನಿಲ್ಲ. ನಮ್ಮ ಡೇಟಾಬೇಸಿನಲ್ಲಿ ಪ್ರತಿ ಮನೆಯೂ ನಾಲ್ಕಾರು ಮೂಲೆಗಳ ಒಂದು ಆಕೃತಿ. ಈ ಆಕೃತಿ ಆ ಆಕೃತಿಯ ಒಳಗಿದೆಯೇ, ಅದನ್ನು ಮುಟ್ಟುತ್ತದೆಯೇ ಎಂದು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಸಾಲು ಬರೆದು ಕೇಳಿದರೆ ಕಂಪ್ಯೂಟರು ಹೌದು ಅಥವಾ ಇಲ್ಲ ಎನ್ನುತ್ತದೆ. ನಡುವಿನ ಉತ್ತರ ಅದಕ್ಕೆ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಬೋಳಾರದ ಒಂದು ಭಾಗದಲ್ಲಿ ನೀರಿನ ಪೈಪ್ ಬದಲಿಸುವ ಕೆಲಸವಿತ್ತು. ಒಂದು ವಾರ ನಳ್ಳಿ ಬಂದ್. ಟ್ಯಾಂಕರಿನವರಿಗೆ ಮನೆಗಳ ಪಟ್ಟಿ ಬೇಕು. ಕೆಲಸದ ಜಾಗದ ಸುತ್ತ ಗೆರೆ ಎಳೆದು, ಅದರ ‘ಒಳಗಿರುವ’ ಮನೆಗಳನ್ನು ಕೇಳಿದೆ. ಪಟ್ಟಿ ಬಂತು, ಕಳಿಸಿದೆ, ಚಹಾ ಕುಡಿದೆ.

ಮೂರನೆಯ ದಿನ ಆಫೀಸಿಗೆ ಸರೋಜಕ್ಕ ಬಂದರು. ಬೋಳಾರದವರು, ಮೀನು ಮಾರಿ ಸಂಸಾರ ನಡೆಸುವವರು. ‘ಪಟ್ಟಿಯಲ್ಲಿ ನಿಮ್ಮ ಮನೆ ಇಲ್ಲ, ಮಾಡಿದವರನ್ನೇ ಕೇಳಿ’ ಎಂದು ಟ್ಯಾಂಕರಿನವನು ಕಳಿಸಿದ್ದನಂತೆ.

“ನಿಮ್ಮ ಮನೆ ಆ ಜಾಗದ ಒಳಗೆ ಬರುವುದಿಲ್ಲ ಅಂತ ಕಂಪ್ಯೂಟರ್ ಹೇಳ್ತದೆ ಅಕ್ಕ,” ಎಂದೆ.

“ಹಾಗಾದ್ರೆ ನಳ್ಳಿಯಲ್ಲಿ ನೀರು ಯಾಕೆ ಇಲ್ಲ ಮಾರಾಯ್ರೆ? ಮನೆಯಲ್ಲಿ ಬಾಣಂತಿ ಮಗಳು ಇದ್ದಾಳೆ. ನಾನು ಎಂತ ಮಾಡುವುದು?”

ನಕ್ಷೆ ತೆರೆದೆ. ನಾನೆಳೆದ ಗೆರೆ ಸರೋಜಕ್ಕನ ಮನೆಯನ್ನು ಸೀಳಿಕೊಂಡು ಹೋಗಿತ್ತು. ಅಡುಗೆಕೋಣೆ ಒಳಗೆ, ಚಾವಡಿ ಹೊರಗೆ. ಮನೆ ಪೂರ್ತಿ ಒಳಗಿದೆಯೇ ಎಂದು ಕೇಳಿದವನು ನಾನು. ಇಲ್ಲ ಎಂದ ಕಂಪ್ಯೂಟರಿನ ತಪ್ಪೇನೂ ಇರಲಿಲ್ಲ. ಸರೋಜಕ್ಕನ ಮುಖ ನೋಡಲಾಗಲಿಲ್ಲ. ‘ಒಳಗಿದೆಯೇ’ ಎಂಬುದನ್ನು ತೆಗೆದು ‘ಎಲ್ಲಾದರೂ ಕೂಡುತ್ತದೆಯೇ’ ಎಂದು ಕೇಳಿದೆ. ಹನ್ನೊಂದು ಮನೆಗಳು ಹೊಸದಾಗಿ ಬಂದವು. ಅವುಗಳಲ್ಲಿ ಒಂದರ ಗೋಡೆಯಷ್ಟೇ ಗೆರೆಗೆ ತಾಗಿತ್ತು. ಅದನ್ನು ತೋರಿಸಿ, “ಇವರಿಗೂ ನೀರು ಬೇಕಾ?” ಎಂದೆ.

“ಅದು ಜಯಂತಿಯ ಮನೆ. ಅವಳಿಗೆ ಆಚೆ ರಸ್ತೆಯ ಪೈಪ್, ನೀರು ಉಂಟು. ಈ ಎರಡು ದಿನ ನಮಗೆ ದಿನಕ್ಕೆ ನಾಲ್ಕು ಸಲ ಕೊಡಪಾನದಲ್ಲಿ ತಂದು ಕೊಟ್ಟದ್ದು ಅವಳೇ.”

ಆ ಒಂದನ್ನು ಬಿಟ್ಟು ಹತ್ತು ಮನೆ ಸೇರಿಸಿದೆ. ಸಂಜೆಗೇ ಟ್ಯಾಂಕರ್ ಹೋಯಿತು.

ನಮ್ಮ ಶಾಸ್ತ್ರದ ಪ್ರಕಾರ ಎರಡು ಆಕೃತಿಗಳು ಪರಸ್ಪರ ಮುಟ್ಟುತ್ತವೆ ಎಂದರೆ ಅಂಚಿಗೆ ಅಂಚು ಮಾತ್ರ ತಾಗಬೇಕು, ಒಳಗಿನದ್ದು ಒಂದಿಷ್ಟೂ ಆಚೆ ಹೋಗಬಾರದು. ಜಯಂತಿಯ ಕೊಡಪಾನ ಈ ನಿಯಮವನ್ನು ದಿನಕ್ಕೆ ನಾಲ್ಕು ಸಲ ಮುರಿದಿತ್ತು.

ಅಂದಿನಿಂದ ಗೆರೆಯ ಮೇಲೆ ಬಿದ್ದ ಮನೆಗಳ ಬಾಗಿಲು ತಟ್ಟಿ, ವಿಚಾರಿಸಿಯೇ ಪಟ್ಟಿ ಕಳಿಸುತ್ತೇನೆ. ಕಂಪ್ಯೂಟರು ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಮನೆಯವರು ಹಾಗಲ್ಲ, ನಾನು ಕೇಳಲು ಮರೆತದ್ದನ್ನೂ ಹೇಳಿ, ಸ್ವಲ್ಪ ಕೂತು ಹೋಗಿ ಎನ್ನುತ್ತಾರೆ.