ಎಂಟನೇ ಹೆಸರು ವರ್ಲೀನಳದು

ನೆಬ್ರಾಸ್ಕಾದ ನಮ್ಮ ಪುಟ್ಟ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಎಂದರೆ ವರ್ಲೀನ್ ಒಬ್ಬಳೇ. ಮೂವತ್ತೊಂದು ವರ್ಷಗಳಿಂದ ಅವಳ ಸಹಿ ಇಲ್ಲದೆ ಯಾವ ವಿದೇಶಿ ವಿದ್ಯಾರ್ಥಿಯೂ ಒಂದು ತರಗತಿ ಬಿಟ್ಟಿದ್ದಿಲ್ಲ. ಬಿಡುತ್ತೇನೆಂದು ಬಂದವರಿಗೆ ತಾನೇ ಬೇಯಿಸಿದ ಗಸಗಸೆ ಹೂರಣದ ಕೊಲಾಚಿ ಬನ್ನು ತಿನ್ನಿಸಿ, "ಕಷ್ಟ ಅಂತ ಓಡಿಹೋಗೋದಾ? ನಾಚಿಕೆ ಆಗಲ್ವಾ?" ಎಂದು ಗದರಿ ವಾಪಸು ಕಳಿಸುವಳು. ತಾನು ಮಾತ್ರ ಹತ್ತೊಂಬತ್ತರ ವಯಸ್ಸಿನಲ್ಲಿ ಬೀಜಗಣಿತದ ತರಗತಿಯಿಂದ ಎದ್ದು ಹೋದವಳು. ನರ್ಸ್ ಆಗುವ ಆಸೆಯನ್ನೂ ಅದೇ ಬೆಂಚಿನ ಮೇಲೆ ಬಿಟ್ಟಳು. ಪಕ್ಕದ ಗ್ರಂಥಾಲಯದಲ್ಲಿ ಕೂರುವ ನನಗೆ ಇದು ಗೊತ್ತಿತ್ತು. ಬಾಯಿಬಿಟ್ಟರೆ ಕೊಲಾಚಿ ನಿಂತೀತೆಂದು ತೆಪ್ಪಗಿದ್ದೆ.

ಆಗಸ್ಟಿನ ಒಂದು ಗುರುವಾರ ಮಂಗೋಲಿಯಾದ ನೋಮಿನ್ ಎಂಬ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತಾ ಬಂದಳು. ಬೀಜಗಣಿತಕ್ಕೆ ಸೇರಿದವರು ಐದೇ ಜನ. ಶುಕ್ರವಾರ ಸಂಜೆಯೊಳಗೆ ಎಂಟು ಹೆಸರಾಗದಿದ್ದರೆ ಅದನ್ನು ಆನ್‌ಲೈನ್ ಮಾಡುತ್ತಾರಂತೆ. ಅವಳದು ಆಗಲೇ ಒಂದು ಪಾಠ ಆನ್‌ಲೈನ್. ವೀಸಾದ ಮೇಲೆ ಬಂದವರಿಗೆ ಅಂಥ ಪಾಠ ಒಂದೇ ಒಂದು ಲೆಕ್ಕಕ್ಕೆ ಬರುವುದು. ಎರಡನೆಯದಾದರೆ ಹುಡುಗಿ ಗಂಟುಮೂಟೆ ಕಟ್ಟಬೇಕು.

ವರ್ಲೀನ್ ಬೇಟೆಗೆ ಹೊರಟಳು. ಅರವತ್ತು ದಾಟಿದ ಊರವರು ಪುಕ್ಕಟೆ ಸೇರಬಹುದು. ಹಂದಿ ಸಾಕಣೆ ಬಿಟ್ಟು ಸುಮ್ಮನೆ ಕೂತಿದ್ದ ಮೈದುನ ಲಿಯೋ ಸಿಕ್ಕಿದ. ಆಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಯೂಜೀನ್, ನನ್ನ ಎಷ್ಟು ಕೊಲಾಚಿ ತಿಂದಿದ್ದೀಯ?"

"ಸೇರ್ತೀನಿ ಬಿಡಮ್ಮ, ಮಾನ ತೆಗೀಬೇಡ."

ಏಳಾಯಿತು. ಎಂಟನೆಯ ತಲೆ ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಪಾದ್ರಿಗಳು ಕೂಡ ಮಂಡಿನೋವೆಂದು ಜಾರಿಕೊಂಡರು. ಶುಕ್ರವಾರ ನಾಲ್ಕೂವರೆಗೆ ನೋಮಿನ್ ಮೆಲ್ಲಗೆ ಕೇಳಿದಳು, "ನೀವೇ ಸೇರಬಹುದಲ್ವಾ ಮೇಡಂ?"

"ನಾನಾ? ಅದಕ್ಕಿಂತ ನಿನ್ನನ್ನ ಹೆಗಲ ಮೇಲೆ ಹೊತ್ತು ಮಂಗೋಲಿಯಾಕ್ಕೆ ಬಿಟ್ಟುಬರ್ತೀನಿ!"

ಹುಡುಗಿ ಬ್ಯಾಗ್ ಎತ್ತಿಕೊಂಡಳು. ಐದಕ್ಕೆ ಹತ್ತು ನಿಮಿಷವಿರುವಾಗ ವರ್ಲೀನ್, ಹಲ್ಲು ಕೀಳಿಸಿಕೊಳ್ಳಲು ಕೂತವಳ ಮುಖ ಮಾಡಿಕೊಂಡು, ಎಂಟನೆಯವಳಾಗಿ ಸಹಿ ಹಾಕಿದಳು.

ಮೂರನೇ ವಾರ ತಲೆ ಎಣಿಸುವ ದಿನ. ಅದು ದಾಟಿದರೆ ಯಾರು ಬಿಟ್ಟರೂ ತರಗತಿ ಮುರಿಯುವುದಿಲ್ಲ. ಮರುದಿನವೇ ಲಿಯೋ ಮಾಯ. ನಾನು ಮರ್ಯಾದೆಗೆಂದು ಇನ್ನೊಂದು ವಾರ ಕೂತು ಎದ್ದೆ. ವರ್ಲೀನಳಿಗೆ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು ಬಂತು. ಅವಳೂ ಬಿಡುವ ಅರ್ಜಿ ತುಂಬಿ ಕೈಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನೋಮಿನ್ ಅಡ್ಡ ನಿಂತಿದ್ದಳು.

"ನಾನು ಪಾಠ ಬಿಡಬೇಕಾದ್ರೆ ನಿಮ್ಮ ಸಹಿ ಬೇಕು, ಅಲ್ವಾ?"

"ಹೌದು, ಅದು ನಿಯಮ."

"ನೀವು ಬಿಡಬೇಕಾದ್ರೆ ನನ್ನ ಸಹಿ ಬೇಕು. ನಾನು ಹಾಕಲ್ಲ." ಕೈಚೀಲದಿಂದ ಇಣುಕುತ್ತಿದ್ದ ಅರ್ಜಿಯನ್ನು ಎಳೆದುಕೊಂಡು ಒಂದು ಕೊಲಾಚಿಯನ್ನು ಅವಳ ಕೈಗಿಟ್ಟಳು. "ಕಷ್ಟ ಅಂತ ಓಡಿಹೋಗೋದಾ? ನಾಚಿಕೆ ಆಗಲ್ವಾ?"

ವರ್ಲೀನ್ ಕೈಚೀಲವನ್ನು ಹೆಗಲಿನಿಂದ ಇಳಿಸಿ ಕೊಲಾಚಿ ಕಚ್ಚಿದಳು. ನನಗಂತೂ ಹೊಟ್ಟೆ ಹಿಡಿದುಕೊಂಡು ನಗುವಷ್ಟು ಸಂತೋಷವಾಯಿತು.

ಅಂದಿನಿಂದ ದಿನಾ ಊಟದ ಹೊತ್ತಿಗೆ ಗ್ರಂಥಾಲಯದ ಮೂಲೆಯಲ್ಲಿ ಅವರಿಬ್ಬರದೇ ಗಲಾಟೆ. ಲೆಕ್ಕ ತಪ್ಪಿದರೆ ಹುಡುಗಿ ಕೊಲಾಚಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುವಳು. ಡಿಸೆಂಬರಿನ ಕೊನೆಯ ಪರೀಕ್ಷೆಯಲ್ಲಿ ವರ್ಲೀನ್ ಎಪ್ಪತ್ತೊಂದು ತೆಗೆದಳು. ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಜನವರಿಯಲ್ಲಿ ಮತ್ತೆ ಬಂದಳು, ಕೈಯಲ್ಲಿ ದೊಡ್ಡ ತಟ್ಟೆ.

"ನರ್ಸಿಂಗಿಗೆ ಜೀವಶಾಸ್ತ್ರ ಬೇಕಂತೆ ಯೂಜೀನ್. ನಾನೂ ಸೇರಿ ಏಳು ಜನ ಆಗಿದ್ದೀವಿ."

ನಾನು ಹಿಂಬಾಗಿಲ ಕಡೆ ನೋಡಿದೆ. ಅಲ್ಲಿ ನೋಮಿನ್ ಸೇರುವ ಅರ್ಜಿ ಹಿಡಿದು ನಿಂತಿದ್ದಳು.