ಮೂರನೇ ಸಲ ಕರೆಯುವವರೆಗೆ

ನನ್ನ ಅಕ್ಕನ ಎದೆಯಲ್ಲಿ ಒಂದು ಗಡಿಯಾರವಿದೆ. ಇದು ಕವಿತ್ವವಲ್ಲ. ಹೃದಯದ ಕವಾಟವೊಂದು ಕೆಟ್ಟು, ಅದರ ಜಾಗದಲ್ಲಿ ಕೃತಕ ಕವಾಟ ಕೂರಿಸಿ ಎಂಟು ವರ್ಷವಾಯಿತು. ಅದು ಪ್ರತಿ ಬಡಿತಕ್ಕೂ ಟಿಕ್ ಎನ್ನುತ್ತದೆ. ಹಲಸೂರಿನಲ್ಲಿ ಅವಳಿರುವ ನಮ್ಮ ಹಳೇ ಮನೆಯಲ್ಲಿ ಫ್ಯಾನ್ ನಿಲ್ಲಿಸಿದರೆ ನಡುಮನೆಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತದೆ. ಅಕ್ಕ ಕೋಪಿಸಿಕೊಂಡಾಗ ಬೇಗ ಬೇಗ ಕೇಳಿಸುತ್ತದೆ. ಹಾಗಾಗಿ ಬೈಗುಳ ಶುರುವಾಗುವ ಮೊದಲೇ ನನಗೆ ಮುನ್ಸೂಚನೆ ಸಿಗುತ್ತದೆ.

ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ಅವಳು ದಿನಾ ಸಂಜೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾಳೆ. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಒಳಗೊಳಗೇ ರಕ್ತ ಸೋರುತ್ತದೆ. ಎಷ್ಟು ಮಾತ್ರೆ ಎಂದು ಹೇಳುವುದು ತಿಂಗಳಿಗೊಮ್ಮೆ ರಕ್ತಪರೀಕ್ಷೆಯಲ್ಲಿ ಬರುವ ಒಂದು ಅಂಕಿ. ಅದು ಎರಡೂವರೆಯಿಂದ ಮೂರೂವರೆಯ ಒಳಗಿದ್ದರೆ, ಇನ್ನೊಂದು ತಿಂಗಳು ನನ್ನನ್ನು ಬೈಯಲು ಅವಳು ಅರ್ಹಳು ಎಂದರ್ಥ.

ಆ ಅಂಕಿ ಹೊರಡುವುದು ನಾನು ಕೆಲಸ ಮಾಡುವ ಲ್ಯಾಬಿನಿಂದ. ಇಂದಿರಾನಗರದಲ್ಲಿ ಮುಖ್ಯ ಕಚೇರಿ, ಶಿವಾಜಿನಗರ, ಕೆ.ಆರ್. ಪುರ, ಮಹದೇವಪುರಗಳಲ್ಲಿ ಬ್ರ್ಯಾಂಚು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ನಾನು. ಮುಖ್ಯಸ್ಥನ ಕೈಕೆಳಗಿನ ಸಮಸ್ತ ಸಿಬ್ಬಂದಿಯೂ ನಾನೇ ಆದ್ದರಿಂದ ಶಿಸ್ತು ಚೆನ್ನಾಗಿತ್ತು. ಬ್ರ್ಯಾಂಚಿನ ಯಂತ್ರಗಳು ತಮ್ಮ ವರದಿಗಳನ್ನು ಮುಖ್ಯ ಸರ್ವರಿಗೆ ಕಳಿಸುತ್ತವೆ, ಸರ್ವರು ಅವನ್ನು ರೋಗಿಯ ಫೋನಿಗೆ ದಾಟಿಸುತ್ತದೆ. ದಾರಿಯಲ್ಲಿ ಯಾರೂ ಕದ್ದು ಓದದಂತೆ ಮಾತೆಲ್ಲ ಗುಟ್ಟುಲಿಪಿಯಲ್ಲಿ. ಅದರ ಜೊತೆಗೆ ಇನ್ನೊಂದು ಏರ್ಪಾಡಿದೆ. ಪ್ರತಿ ಬ್ರ್ಯಾಂಚಿನ ಯಂತ್ರದ ಬಳಿ ನಮ್ಮ ಮುದ್ರೆ ಒತ್ತಿದ ಸರ್ಟಿಫಿಕೇಟ್ ಇರುತ್ತದೆ. ಯಂತ್ರ ಬಂದು ಬಾಗಿಲು ತಟ್ಟಿದಾಗ ಸರ್ವರು ಅದನ್ನು ಕೇಳಿ ನೋಡಬೇಕು: ಮುದ್ರೆ ನಮ್ಮದೇ? ಅವಧಿ ಮುಗಿದಿಲ್ಲವೇ? ಹೇಳುತ್ತಿರುವ ಹೆಸರೇ ಅದರಲ್ಲೂ ಇದೆಯೇ? ಎದುರಿನವರ ಸರ್ಟಿಫಿಕೇಟ್ ಪರಿಶೀಲನೆ ಎಂಬ ಗಂಭೀರ ನಾಮಧೇಯದ ಕೆಲಸ ಇಷ್ಟೇ.

ಇದನ್ನು ನನಗೆ ಮೊದಲು ಕಲಿಸಿದ್ದು ಅಜ್ಜಿ. ಅವಳಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ದೆವ್ವ ಗೊತ್ತಿತ್ತು. ಆ ಕಾಲಕ್ಕೆ ನಮ್ಮ ಬೀದಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಮುಸ್ಸಂಜೆಯಲ್ಲಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟವರು ಹೋದಂತೆಯೇ ಎಂಬುದು ಬೀದಿಯ ಒಮ್ಮತದ ಅಭಿಪ್ರಾಯ.

"ಒಂದ್ ಕಿತ ಕೂಗುದ್ರೆ ಓ ಅನ್‌ಬ್ಯಾಡ. ಎರಡ್ ಕಿತ ಕೂಗುದ್ರೂ ಅನ್‌ಬ್ಯಾಡ. ಅದುಕ್ಕೆ ಮೂರ್ನೇ ಕಿತ ಕೂಗಕ್ ಬರಾಕಿಲ್ಲ," ಎನ್ನುತ್ತಿದ್ದಳು ಅಜ್ಜಿ.

ಈ ಕಾನೂನನ್ನು ಜಾರಿಗೆ ತಂದವಳು ಅಕ್ಕ. ನಾನು ಹಾಲಿನ ಚೊಂಬು ಹಿಡಿದು ಹೊರಗೆ ನಿಂತು ಮೂರು ಸಲ ಕೂಗುವವರೆಗೆ ಚಿಲಕ ತೆಗೆಯುತ್ತಿರಲಿಲ್ಲ. ಕಿಟಕಿಯಿಂದ ನನ್ನನ್ನು ನೋಡಿಯೂ ತೆಗೆಯುತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಶಿವಾಜಿನಗರದ ಬ್ರ್ಯಾಂಚಿನ ಸರ್ಟಿಫಿಕೇಟಿನ ಅವಧಿ ಮುಗಿದುಹೋಯಿತು. ಸರ್ವರು ಕಾನೂನಿನಂತೆ ಅದನ್ನು ಹೊರಗೇ ನಿಲ್ಲಿಸಿತು. ರೋಗಿಗಳ ಹೆಸರು ಬರೆಸಲೂ ಅದೇ ದಾರಿ. ಅಲ್ಲಿಂದ ರಕ್ತ ತೆಗೆಯುವಾಕೆ ಫೋನ್ ಮಾಡಿದಳು: "ಅಣ್ಣಾ, ಜನ ಎಲ್ಲಾ ಖಾಲಿ ಹೊಟ್ಟೇಲಿ ನಿಂತವ್ರೆ. ಒಬ್ರು ಚಾಚಾ ಚಕ್ಕರ್ ಬಂದು ಕೂತ್ಬಿಟ್ರು. ಏನಾದ್ರೂ ಮಾಡಿ, ಜಲ್ದಿ!"

ಹೊಸ ಸರ್ಟಿಫಿಕೇಟಿಗೆ ಮುದ್ರೆ ಒತ್ತಬೇಕು. ಮುದ್ರೆ ಇದ್ದದ್ದು ಒಂದು ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವ್ ಇದ್ದದ್ದು ನಮ್ಮ ಡಾಕ್ಟರ್ ಮೇಡಮ್ಮಿನ ಬೀರುವಿನಲ್ಲಿ, ಬೀರುವಿನ ಕೀಲಿ ಇದ್ದದ್ದು ಮೇಡಮ್ಮಿನ ಕೈಚೀಲದಲ್ಲಿ, ಕೈಚೀಲ ಅಂದು ತಿರುಪತಿಯ ಕ್ಯೂನಲ್ಲಿ. ಇಂಥ ಭದ್ರತೆಯನ್ನು ರೂಪಿಸಿದವನೂ ನಾನೇ. ಸರಿ, ಸರ್ವರು ಪಾಲಿಸಬೇಕಾದ ನಿಯಮಗಳ ಕಾನ್ಫಿಗರೇಶನ್ ಫೈಲು ತೆರೆದು ಪರಿಶೀಲನೆಯ ಸಾಲಿನಲ್ಲಿ ‘ಬೇಡ’ ಎಂದು ಬದಲಾಯಿಸಿದೆ. ಪಕ್ಕದಲ್ಲಿ ನನಗೇ ಒಂದು ಟಿಪ್ಪಣಿ ಬರೆದುಕೊಂಡೆ: ‘ನಾಳೆ ಸರಿಮಾಡುವುದು.’

ಮರುಕ್ಷಣ ಪರದೆಯ ಮೇಲೆ ಶಿವಾಜಿನಗರದ ಚುಕ್ಕೆ ಹಸಿರಾಯಿತು. ಚಾಚಾಗೆ ರಕ್ತ ತೆಗೆದು ಬನ್ನು ಕೊಟ್ಟರಂತೆ. ಮೇಡಮ್ ಬಂದ ಮೇಲೆ ಹೊಸ ಸರ್ಟಿಫಿಕೇಟನ್ನೂ ಮಾಡಿದೆ, ಪ್ರಸಾದದ ಲಡ್ಡೂ ತಿಂದೆ. ಆ ಸಾಲನ್ನು ಮಾತ್ರ ಮರೆತೆ. ಎಲ್ಲವೂ ನಡೆಯುತ್ತಿದ್ದಾಗ ಯಾರು ನೆನೆಯುತ್ತಾರೆ? ಮಾತು ಗುಟ್ಟಾಗಿಯೇ ಸಾಗುತ್ತಿತ್ತು. ಯಾರ ಜೊತೆ ಎಂಬುದನ್ನಷ್ಟೇ ಸರ್ವರು ಕೇಳುವುದು ಬಿಟ್ಟಿತ್ತು. ನನ್ನ ಆ ನಾಳೆ ಒಂದು ವರ್ಷಕ್ಕೂ ಮೀರಿ ಬಾಳಿತು.

ಈ ನಡುವೆ ಮಹದೇವಪುರದ ಬ್ರ್ಯಾಂಚು ಮಳೆನೀರಿನಲ್ಲಿ ಮುಳುಗಿತು. ಆ ಬೆಳಿಗ್ಗೆ ಮೊದಲು ನೆಟ್ ಹೋಯಿತು, ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ನಾಲ್ಕು ದಿನದ ಮೇಲೆ ನಾನು ಹೋದಾಗ ಗೋಡೆಯ ಮೇಲೆ ಕೌಂಟರಿನೆತ್ತರಕ್ಕೆ ಕೆಸರು ಗೆರೆ ಎಳೆದಿತ್ತು. ಮೂಲೆಯಲ್ಲಿ ಹೆಸರಿನ ಚೀಟಿ ಕಳಚಿಹೋದ ರಕ್ತದ ಟ್ಯೂಬುಗಳು ರಾಶಿಬಿದ್ದಿದ್ದವು. ಯಂತ್ರವನ್ನು ಎತ್ತಿ ಓರೆ ಮಾಡಿದೆ, ಹೊಟ್ಟೆಯೊಳಗಿಂದ ಕಂದು ನೀರು ಬಹಳ ಹೊತ್ತು ಸುರಿಯಿತು. ನಾನೇ ಅದನ್ನು ಗುಜರಿಗೆ ಹಾಕಿಸಿದೆ. ಬ್ರ್ಯಾಂಚು ಮುಚ್ಚಿತು. ಅದು ಸತ್ತದ್ದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ.

ಆರು ತಿಂಗಳ ನಂತರ ಒಂದು ಸೋಮವಾರ ಹನ್ನೊಂದು ಗಂಟೆಗೆ ವರದಿ ವಿಭಾಗದ ಹುಡುಗಿ ನನ್ನ ಮೇಜಿನ ಬಳಿ ಬಂದು ನಿಂತಳು. ಹುಬ್ಬಳ್ಳಿ ಕಡೆಯವಳು, ಸುಲಭಕ್ಕೆ ಗಾಬರಿಯಾಗುವವಳಲ್ಲ.

"ಸರ, ಮಹದೇವಪುರ ಬ್ರ್ಯಾಂಚ್ ಮುಚ್ಚೇವಲ್ರಿ ನಾವು?"

"ಮುಚ್ಚಿ ಆರು ತಿಂಗಳಾಯ್ತಲ್ಲಮ್ಮ."

"ಮತ್ತ ಶುಕ್ರವಾರ ಅಲ್ಲಿಂದ ಮೂವತ್ತೊಂದು ರಿಪೋರ್ಟ್ ಬಂದಾವ್ರಿ. ತಾವ ಮಂದಿ ಫೋನಿಗೂ ಹೋಗ್ಯಾವು. ಅಲ್ಲೆ ಯಾರರ ಕುಂತಾರೇನ್ರಿ?"

ನಕ್ಕು ಪರದೆ ನೋಡಿದೆ. ಮಹದೇವಪುರ: ಸಂಪರ್ಕದಲ್ಲಿದೆ. ಹಸಿರು ಚುಕ್ಕೆ. ನನ್ನ ಕಣ್ಣೆದುರಿಗೆ ಆ ಕಂದು ನೀರು ಮತ್ತೆ ಸುರಿಯತೊಡಗಿತು.

ಫೈಲು ತೆರೆದರೆ ನನ್ನದೇ ಟಿಪ್ಪಣಿ ನನ್ನನ್ನು ನೋಡುತ್ತಿತ್ತು. ಪರಿಶೀಲನೆಗೆ ‘ಬೇಕು’ ಎಂದು ಬದಲಾಯಿಸಿ, ಮೂವತ್ತೊಂದು ಹೆಸರುಗಳ ಪಟ್ಟಿಗೆ ಬಂದೆ. ಹದಿನೇಳನೆಯ ಹೆಸರು ಅಕ್ಕನದು. ಅಂಕಿ ಒಂದು ಪಾಯಿಂಟ್ ನಾಲ್ಕು.

ಆ ಅಂಕಿ ಎಂದಿನದೆಂದು ನನಗೆ ಹೊಳೆಯಿತು. ಮಳೆಯ ವಾರ ಅಕ್ಕ ಮಹದೇವಪುರದಲ್ಲಿ ಮಗಳ ಮನೆಗೆ ಹೋಗಿದ್ದಳು, ಮಾತ್ರೆಯ ಡಬ್ಬಿ ಹಲಸೂರಿನಲ್ಲೇ ಮರೆತಿದ್ದಳು. ನೀರು ನುಗ್ಗಿದ ದಿನ ಬೆಳಿಗ್ಗೆ ಅಲ್ಲಿ ಕೊಟ್ಟ ರಕ್ತದ ವರದಿ ಅದು. ಹೊರಡುವ ಮೊದಲೇ ಮುಳುಗಿದ ವರದಿ. ಈಗ ಹೊರಟ ದಿನದ, ಅಂದರೆ ಶುಕ್ರವಾರದ, ತಾರೀಕು ಹೊತ್ತು ಬಂದಿತ್ತು. ದುರದೃಷ್ಟಕ್ಕೆ ಅದೇ ಶುಕ್ರವಾರ ಅಕ್ಕ ಇಂದಿರಾನಗರದಲ್ಲಿ ಹೊಸದಾಗಿ ರಕ್ತ ಕೊಟ್ಟು ವರದಿಗೆ ಕಾಯುತ್ತಿದ್ದಳು. ಅವಳ ನಿಜವಾದ ಅಂಕಿ, ಎರಡು ಪಾಯಿಂಟ್ ಒಂಬತ್ತು, ಸಂಜೆ ಬಂದಿತ್ತು. ಒಬ್ಬರಿಗೆ ಒಂದೇ ದಿನ ಎರಡು ವರದಿ ಬಂದದ್ದರಿಂದ ಎರಡನೆಯದನ್ನು ನಕಲು ಎಂದು ಸರ್ವರು ತಡೆದಿತ್ತು. ಸತ್ತದ್ದು ಒಳಗೆ, ಬದುಕಿದ್ದು ಹೊರಗೆ.

ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಫೋನಿಗೆ ವರದಿ ಹೋಗುವುದನ್ನು ನಿಲ್ಲಿಸಿ, ಉಳಿದ ಮೂವತ್ತು ಜನಕ್ಕೂ ಫೋನ್ ಮಾಡಲು ಹುಡುಗಿಗೆ ಹೇಳಿ ಆಟೊ ಹತ್ತಿದೆ. ಇಂದಿರಾನಗರದಿಂದ ಹಲಸೂರು ಎಷ್ಟು ದೂರ? ಅಂದು ಮೆಟ್ರೊ ಕಂಬಗಳು ಮುಗಿಯಲೇ ಇಲ್ಲ.

ಬಾಗಿಲು ತೆರೆದೇ ಇತ್ತು. ಅಕ್ಕ ಅವರೇಕಾಯಿ ಸುಲಿಯುತ್ತಿದ್ದಳು.

"ಏನೋ ಇಷ್ಟೊತ್ನಲ್ಲಿ? ಆಫೀಸಿಂದ ಓಡ್ಸಿದ್ರಾ?"

"ಶುಕ್ರವಾರ ರಿಪೋರ್ಟ್ ಬಂತಾ?"

"ಬಂತು. ಒಂದು ಪಾಯಿಂಟ್ ನಾಲ್ಕು. ಡಾಕ್ಟ್ರು ಮೂರು ದಿನ ಎರಡೆರಡು ಮಾತ್ರೆ ತಗೊಳ್ಳಿ ಅಂದ್ರು. ನಿನ್ನೆಗೆ ಮುಗೀತು."

ಅವಳ ಮುಂಗೈಯಲ್ಲಿ ನೇರಳೆ ಬಣ್ಣದ ಮೂರು ಕಲೆಗಳಿದ್ದವು. ನಾನು ನೋಡುವುದನ್ನು ನೋಡಿ ಸೆರಗು ಮುಚ್ಚಿದಳು. "ಮಿಕ್ಸಿ ಜಾರ್ ತಗುಲ್ತು ಅನ್ಸುತ್ತೆ. ಬೆಳಿಗ್ಗೆಯಿಂದ ತಲೆನೂ ಒಂಚೂರು ಭಾರ."

"ಈ ತಿಂಗಳು ಒಂದು ದಿನಾನೂ ಮಾತ್ರೆ ತಪ್ಪಿಸಿಲ್ಲ ನೀನು. ಅಷ್ಟು ಕಡಿಮೆ ಹೆಂಗೆ ಬರುತ್ತೆ? ಅನುಮಾನ ಬರ್ಲಿಲ್ವಾ?"

"ಬಂತಪ್ಪಾ. ಆದ್ರೆ ನಿಮ್ ಆಫೀಸಿಂದ ಬಂದಿದ್ದಲ್ವಾ? ಅಲ್ಲಿ ಬಾಗ್ಲಲ್ಲಿ ನೀನೇ ತಾನೇ ಕೂತಿರೋದು."

ಟಿಕ್, ಟಿಕ್ ಎಂದು ಕೇಳಿಸುತ್ತಿತ್ತು. ಅವರೇಕಾಯಿ ಹಾಗೇ ಬಿಟ್ಟು ಅವಳನ್ನು ಎಬ್ಬಿಸಿದೆ.

ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ಅಂಕಿ ಆರು ಪಾಯಿಂಟ್ ಎಂಟು ಬಂತು. ಡಾಕ್ಟರು ಮುಖದಲ್ಲಿ ಏನನ್ನೂ ತೋರಿಸದೆ, ತಲೆಯೊಳಗೆ ರಕ್ತ ಇಳಿದಿದೆಯೋ ನೋಡಬೇಕು ಎಂದು ಅವಳನ್ನು ಸ್ಕ್ಯಾನಿಗೆ ಕರೆದೊಯ್ದರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಅಕ್ಕ ಒಳಗಿದ್ದರೂ ಟಿಕ್ ಟಿಕ್ ನನ್ನ ಕಿವಿಯಲ್ಲೇ ಇತ್ತು. ಅದು ಗೋಡೆಗಡಿಯಾರ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಗ ಹುಬ್ಬಳ್ಳಿಯ ಹುಡುಗಿಯ ಫೋನು. ದನಿ ಸಣ್ಣಗಾಗಿತ್ತು. "ಸರ, ಅದು ಮತ್ತ ಬಂತ್ರೀ."

"ಯಾವುದು?"

"ಮಹದೇವಪುರ್ರಿ. ನೀವು ಪರಿಶೀಲನೆ ಹಾಕಿ ಹೋದ್ರಲ್ಲ, ಆದ್ರೂ ಒಳಗ ಬಂದೈತಿ. ಹಸಿರು ಚುಕ್ಕೆ ತೋರಸಾಕತ್ತೈತಿ."

ಪರಿಶೀಲನೆಯನ್ನು ನಾನೇ ನನ್ನ ಕೈಯಾರೆ ಹಾಕಿದ್ದೆ. ನಮ್ಮ ಮುದ್ರೆಯ ಸರ್ಟಿಫಿಕೇಟು ಇದ್ದದ್ದು ಆ ಯಂತ್ರದ ಹೊಟ್ಟೆಯಲ್ಲಿ ಮಾತ್ರ, ಯಂತ್ರ ಗುಜರಿಯಲ್ಲಿ. ಹಾಗಾದರೆ ಬಾಗಿಲಲ್ಲಿ ಅದು ಏನನ್ನು ತೋರಿಸಿತು?

ಏನನ್ನೂ ತೋರಿಸಿರಲಿಲ್ಲ. ಅದು ಹೊಳೆದದ್ದು ಅಜ್ಜಿಯ ಇನ್ನೊಂದು ಮಾತು ನೆನಪಾದಾಗ. ಚಿಕ್ಕಂದಿನಲ್ಲಿ ಒಮ್ಮೆ ಅವಳನ್ನು ಕೇಳಿದ್ದೆ: ಯಾರು ಅಂತ ನಾವು ಕೇಳಿದಾಗ ಅದು ಸುಮ್ಮನೇ ನಿಂತರೆ? ಅಜ್ಜಿ ದೀಪದ ಬತ್ತಿ ಹೊಸೆಯುತ್ತಾ, "ಸುಮ್ಕೆ ನಿಂತದ್ದು ಮನ್ಸ ಅಲ್ಲ ಕಣ್ಲಾ," ಎಂದಿದ್ದಳು. ನನ್ನ ಸರ್ವರಿಗೆ ಈ ಪಾಠ ಆಗಿರಲಿಲ್ಲ. ‘ಪರಿಶೀಲಿಸು’ ಎಂದರೆ ಅದು ಸರ್ಟಿಫಿಕೇಟ್ ಕೇಳುತ್ತದೆ, ಕೊಟ್ಟರೆ ಕಟ್ಟುನಿಟ್ಟಾಗಿ ನೋಡುತ್ತದೆ. ಕೊಡದೆ ಸುಮ್ಮನಿದ್ದರೆ, ಇರಲಿ ಬನ್ನಿ ಎಂದು ಒಳಗೆ ಬಿಡುತ್ತದೆ. ಕೊಡದವರನ್ನು ಹೊರಗೇ ನಿಲ್ಲಿಸು ಎಂಬುದಕ್ಕೆ ಬೇರೆಯದೇ ಒಂದು ಸಾಲು ಬರೆಯಬೇಕು. ಇಪ್ಪತ್ತು ವರ್ಷದ ಅನುಭವಸ್ಥನಾದ ನಾನು ಅವಸರದಲ್ಲಿ ಅದನ್ನು ಬರೆದಿರಲಿಲ್ಲ.

ಆ ಸಾಲನ್ನು ಅಕ್ಷರ ಅಕ್ಷರವಾಗಿ ಫೋನಿನಲ್ಲೇ ಹೇಳಿದೆ. ಹುಡುಗಿ ಬರೆದಳು, ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಇಬ್ಬರೂ ಕಾದೆವು.

"ಬಾಗ್ಲಿಗೆ ಬಂತ್ರೀ... ಕೆಂಪಾತು... ಮತ್ತ ಬಂತು... ಮತ್ತ ಕೆಂಪಾತ್ರಿ. ಹೋತ್ರಿ ಸರ, ಹೋತು!"

ದೆವ್ವದ ವಿಳಾಸ ಆಮೇಲೆ ಸಿಕ್ಕಿತು: ಮಾರತ್ತಹಳ್ಳಿ. ನಮಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಎಂಜಿನಿಯರು, ಮುಳುಗುವ ಮುನ್ನ ಮಹದೇವಪುರದವರು ಪೆನ್‌ಡ್ರೈವಿನಲ್ಲಿ ಉಳಿಸಿ ತಂದಿದ್ದ, ಸರ್ಟಿಫಿಕೇಟ್ ಒಂದು ಬಿಟ್ಟು ಉಳಿದೆಲ್ಲ ಇದ್ದ ಬ್ಯಾಕಪ್ ಪ್ರತಿಯನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಏನೋ ಪರೀಕ್ಷಿಸುತ್ತಿದ್ದನಂತೆ. ಎದ್ದು ಕೂತ ಆ ಯಂತ್ರ, ತಾನು ಸತ್ತದ್ದು ತಿಳಿಯದೆ, ಬಾಕಿ ಉಳಿದಿದ್ದ ವರದಿಗಳನ್ನು ನಿಷ್ಠೆಯಿಂದ ಕಳಿಸಿತ್ತು. ಫೋನಿನಲ್ಲಿ ಅವನ ಮೇಲೆ ಕೂಗಾಡಿದೆ.

"ಸಾರಿ ಸಾರ್, ಹೊರಗಡೆ ಲೈನ್ ಕಟ್ ಮಾಡ್ಬೇಕಿತ್ತು, ಮರ್ತ್ಬಿಟ್ಟೆ," ಎಂದ. "ಆದ್ರೆ ಸಾರ್, ನಿಮ್ ಸರ್ವರ್ರು ಏನೂ ಕೇಳ್ಲೇ ಇಲ್ವಲ್ಲ?" ಎಂದ. ಫೋನ್ ಇಟ್ಟೆ.

ಅಕ್ಕನ ತಲೆಯೊಳಗೆ ರಕ್ತ ಇಳಿದಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಅಂಕಿ ಮೂರಕ್ಕೆ ಬಂದ ಮೇಲೆ ಕಳಿಸಿದರು. ಉಳಿದ ಮೂವತ್ತು ಜನರೂ ಸಿಕ್ಕಿದರು, ಯಾರಿಗೂ ಹೆಚ್ಚಿನ ತೊಂದರೆಯಾಗಿರಲಿಲ್ಲ. ನಡೆದದ್ದನ್ನೆಲ್ಲ ಮೇಡಮ್ಮಿಗೆ ಬರೆದುಕೊಟ್ಟೆ: ಸದರಿ ಲೋಪಕ್ಕೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೂ ಸಮಸ್ತ ಸಿಬ್ಬಂದಿಯೂ ಹೊಣೆ.

ಅಕ್ಕನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಬೈಯಲಿಲ್ಲ. ಕೊನೆಯಲ್ಲಿ, "ಅಂದ್ರೆ ನೀನು ಚಿಲಕ ತೆಗ್ದಿಟ್ಟು ಮರ್ತಿದ್ದೆ," ಎಂದಳು.

"ಹೂಂ."

"ಒಂದು ವರ್ಷ."

"ಮೇಲೆ ಎರಡು ತಿಂಗಳು."

ಎದ್ದು ಒಳಗೆ ಹೋದಳು. ಅವಳ ಎದೆಯ ಸದ್ದು ಎಂದಿನಂತೆಯೇ ಇತ್ತು, ಬೇಗವಾಗಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಈಗ ಪ್ರತಿ ತಿಂಗಳು ಅವಳ ವರದಿಯನ್ನು ಕಾಗದದಲ್ಲಿ ಮುದ್ರಿಸಿ ನಾನೇ ಒಯ್ಯುತ್ತೇನೆ. ಫೋನಿಗೆ ಬಂದದ್ದನ್ನು ಅವಳು ನಂಬುವುದಿಲ್ಲ. ಹೋಗುವ ಹೊತ್ತಿಗೆ ಬೀದಿದೀಪ ಹತ್ತುತ್ತಿರುತ್ತದೆ, ಬಾಗಿಲು ಹಾಕಿರುತ್ತದೆ. "ಅಕ್ಕಾ" ಎಂದು ಕೂಗುತ್ತೇನೆ. ಉತ್ತರವಿಲ್ಲ. ಮತ್ತೊಮ್ಮೆ ಕೂಗುತ್ತೇನೆ. ಉತ್ತರವಿಲ್ಲ. ಹಳೆಯ ಆಟವಾಡುತ್ತಿದ್ದಾಳೋ, ನಿಜಕ್ಕೂ ಅನುಮಾನವೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕದದ ಆಚೆ ಬದಿಯಲ್ಲಿ, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಅವಳು ನಿಂತಿರುವುದು ಮಾತ್ರ ಕೇಳಿಸುತ್ತದೆ. ಟಿಕ್, ಟಿಕ್, ಟಿಕ್.

ಕೈಯಲ್ಲಿ ಕಾಗದ ಹಿಡಿದು, ಮೂರನೇ ಸಲ ಕೂಗುತ್ತೇನೆ.