ಕೆಂಪು ಟೋಪಿಗಳ ಮುಂದೆ ಒಂದು ಬಿಳಿ ಹೆಲ್ಮೆಟ್

ನೋಟ್‌ಬುರ್ಗಾ ಕ್ಲೋಟ್ಸ್ ಎಂದರೆ ನಮ್ಮ ಕಣಿವೆಯಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ಬುರ್ಗಿ ಎಂದರೆ ಸಾಕು. ಮೂವತ್ತೊಂದು ಚಳಿಗಾಲ ಮಕ್ಕಳಿಗೆ ಹಿಮದ ಮೇಲೆ ಸ್ಕೀ ಕಲಿಸಿದ ಹೆಂಗಸು. ಬೇರೆ ಗುರುಗಳು 'ಏ ನೀಲಿ ಜಾಕೆಟ್ಟು, ಕಾಲು ಅಗಲಿಸು' ಎಂದು ಕೂಗುವ ಹೊತ್ತಿಗೆ ಅವಳು ಹನ್ನೆರಡು ಮಕ್ಕಳ ಹೆಸರನ್ನೂ ಬಾಯಿಪಾಠ ಮಾಡಿ ಮುಗಿಸಿರುತ್ತಿದ್ದಳು. ಹೆಸರು ಹಿಡಿದು ಕರೆದರೆ ಬಿದ್ದು ಅಳುತ್ತಿರುವ ಮಗುವೂ ಎದ್ದು ನಿಲ್ಲುತ್ತದೆ. ಅವಳ ವಿದ್ಯೆಯೆಲ್ಲ ಅಲ್ಲೇ ಇತ್ತು. ನಾನು ಬೆಟ್ಟದ ಲಿಫ್ಟ್ ನಡೆಸುವವನು. ಇಪ್ಪತ್ತೆರಡು ವರ್ಷ ಕಣ್ಣಾರೆ ನೋಡಿದ್ದೇನೆ.

ಮಕ್ಕಳ ತಲೆಗೆ ಹೆಲ್ಮೆಟ್ ಇರಲೇಬೇಕು. ಗುರುಗಳ ತಲೆಗೆ ಮಾತ್ರ ಕೆಂಪು ಉಣ್ಣೆಯ ಟೋಪಿ. ಅಜ್ಜಂದಿರ ಕಾಲದಿಂದ ನಮ್ಮ ಸ್ಕೀ ಶಾಲೆಯಲ್ಲಿ ಹಾಗೆ.

ಹೋದ ವರ್ಷ ಫೆಬ್ರವರಿಯಲ್ಲಿ ಆದದ್ದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮ ಲಿಫ್ಟ್ ಹಳೆಯದು, ಕುರ್ಚಿ ಇಲ್ಲ. ಹಗ್ಗಕ್ಕೆ ನೇತುಬಿದ್ದ ಅಡ್ಡಮರವನ್ನು ತೊಡೆಯ ಹಿಂದೆ ಇಟ್ಟುಕೊಂಡು ನಿಂತರೆ ಅದು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಒಂದು ಮಗು ಜಾರಿತು. ಎತ್ತಲು ಬುರ್ಗಿ ಬಗ್ಗಿದಳು. ನನ್ನ ಕೈಯಲ್ಲಿದ್ದ ಅಡ್ಡಮರ ತಪ್ಪಿ, ತೂಗಿಕೊಂಡು ಬಂದು ಅವಳ ಕಿವಿಯ ಮೇಲ್ಗಡೆ ಬಡಿಯಿತು. ರಕ್ತ ಬರಲಿಲ್ಲ.

'ಏನೂ ಆಗಿಲ್ಲ ಕಣೋ ಲುಯಿಸ್. ಪೆಟ್ಟು ನಂಗೆ ಬಿದ್ರೆ ನಿನ್ನ ಮುಖ ಯಾಕೆ ಸುಣ್ಣ ಆಗಿದೆ?' ಎಂದಳು.

ಮರುದಿನ ಬೆಳಿಗ್ಗೆ ಸಾಲಾಗಿ ನಿಂತ ಮಕ್ಕಳನ್ನು ನೋಡಿ ಬಾಯಿ ತೆರೆದಳು. ಒಂದು ಹೆಸರೂ ಬರಲಿಲ್ಲ. ಆ ಚಳಿಗಾಲ ಮುಗಿಯುವವರೆಗೂ ಬರಲಿಲ್ಲ. ಬೇಸಿಗೆಯಲ್ಲಿ ತಂಗಿಯ ಹದಿನಾಲ್ಕು ಹಸುಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋದಳು. ಹಾಲು ಕರೆಯುವಾಗ ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಮೊದಲಿನಿಂದ ಕಲಿತಳು. ಡಿಸೆಂಬರಿನಲ್ಲಿ ಮಕ್ಕಳ ಹೆಸರುಗಳೂ ನಾಲಿಗೆಗೆ ಹತ್ತಿದವು. ಆದರೆ ತಲೆಯ ಮೇಲೆ ಬಿಳಿ ಹೆಲ್ಮೆಟ್ ಬಂದಿತ್ತು.

ಜನವರಿಯಲ್ಲಿ, ಬಾಲ ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬದ ದಿನ ಗುರುಗಳೆಲ್ಲ ಸಾಲಾಗಿ ಬೆಟ್ಟ ಇಳಿಯುತ್ತಾರೆ. ಎಲ್ಲರಿಗಿಂತ ಹೆಚ್ಚು ವರ್ಷ ಕಲಿಸಿದವರು ಮುಂದೆ. ಅವರು ಕೊರೆದ ಜಾಡಿನಲ್ಲಿ ಉಳಿದವರು. ಹಿರಿಯರನ್ನು ಬಿಟ್ಟು ಮೊದಲು ಇಳಿಯುವುದೆಂದರೆ ಅವರು ತುತ್ತೆತ್ತುವ ಮೊದಲೇ ತಟ್ಟೆಗೆ ಕೈ ಹಾಕಿದ ಹಾಗೆ. ಮುದುಕ ಓಟ್ಮಾರ್ ಮಂಡಿ ನೋವಿನಿಂದ ಕೆಲಸ ಬಿಟ್ಟಿದ್ದ. ಈ ಸಲದ ಸರದಿ ಬುರ್ಗಿಯದು. ಹೆಂಗಸೊಬ್ಬಳು ಮುಂದೆ ಇಳಿಯುವುದು ನಮ್ಮಲ್ಲಿ ಅದೇ ಮೊದಲು. ಅವಳಿಗೆ ಅದರ ಆಸೆ ಎಷ್ಟಿತ್ತೆಂದರೆ, ನವೆಂಬರಿನಿಂದಲೇ ಒಬ್ಬಳೇ ಆ ಇಳಿಜಾರಿನ ತಿರುವು ಎಣಿಸುತ್ತಿದ್ದಳು.

ಹಬ್ಬಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ ನಾವು ಉಂಡೆ ಹಾಕಿದ ಸಾರು ಉಣ್ಣುತ್ತಿದ್ದಾಗ ಶಾಲೆಯ ಯಜಮಾನ ಗೆಬ್ಹಾರ್ಡ್ ಬಂದು ಅವಳೆದುರು ಕೂತ.

'ಒಂದೇ ಒಂದು ದಿನ ಬುರ್ಗಿ. ಆರು ನಿಮಿಷದ ದಾರಿ. ಟೋಪಿ ಹಾಕು.'

'ಅಡ್ಡಮರ ಬಡಿಯೋಕೆ ಎಷ್ಟು ನಿಮಿಷ ಹಿಡೀತು ಅಂತ ಲುಯಿಸ್‌ನ ಕೇಳು.'

'ಹಿಂದೆ ಒಂಬತ್ತು ಕೆಂಪು ಟೋಪಿ, ಮುಂದೆ ಒಂದು ಬೇಯಿಸಿದ ಮೊಟ್ಟೆ. ಜನ ನಗ್ತಾರೆ ಕಣೇ.'

'ನಗಲಿ. ಮೊಟ್ಟೆ ಒಡೆದ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿಲ್ಲ, ನಂಗೆ ಗೊತ್ತು.'

'ಟೋಪಿ ಇಲ್ದೆ ಮುಂದೆ ಬಿಡಕ್ಕಾಗಲ್ಲ. ಅಷ್ಟೇ.'

ಅವಳು ಚಮಚ ಕೆಳಗಿಟ್ಟಳು. 'ಸರಿ ಬಿಡು. ಇಳಿಯಲ್ಲ. ಮೇಲೆ ನಿಂತು ನೋಡ್ತೀನಿ.'

ನನಗೆ ತಡೆಯಲಾಗಲಿಲ್ಲ, ಮೇಜು ಗುದ್ದಿದೆ. 'ಪೆಟ್ಟು ಕೊಟ್ಟ ಕೈ ನಂದು. ಶಿಕ್ಷೆ ಅವಳಿಗ್ಯಾಕೋ?'

'ಲುಯಿಸ್,' ಎಂದಳು ಬುರ್ಗಿ, 'ಸಾರು ಚೆಲ್ಲಿದೆ. ಒರೆಸು.'

ಹಬ್ಬದ ದಿನ ನನ್ನ ಪಾಳಿ ಲಿಫ್ಟಿನ ಮೇಲ್ತುದಿಯ ಗುಡಿಸಲಲ್ಲಿ. ಕೆಂಪು ಟೋಪಿಯ ಒಂಬತ್ತು ಜನ ಸಾಲಾಗಿ ನಿಂತರು. ಬುರ್ಗಿ ಸ್ಕೀ ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ಗುಡಿಸಲಿನ ಪಕ್ಕ ಒರಗಿದ್ದಳು. ಕೆಳಗೆ ವಾದ್ಯ ಶುರುವಾಯಿತು. ಸಾಲಿನ ಮುಂದಿದ್ದ ಎಂಗಲ್‌ಬರ್ಟ್, ಇಪ್ಪತ್ತಾರು ವರ್ಷ ಕಲಿಸಿದವನು, ಕದಲಲಿಲ್ಲ. ವಾದ್ಯ ಮುಗಿದು ಮತ್ತೆ ಶುರುವಾಯಿತು. ಅವನು ಕೈಗವಸು ಬಿಚ್ಚಿ ಮೂಗು ಒರೆಸಿಕೊಂಡ.

ಗುಡಿಸಲಿನ ಫೋನು ಹೊಡೆದುಕೊಂಡಿತು. ಕೆಳಗಿನಿಂದ ಗೆಬ್ಹಾರ್ಡ್.

'ಏನ್ರೋ ಅದು? ನಾಲ್ಕನೇ ಸಲ ಊದ್ತಿದಾರೆ. ಕಹಳೆಯವನ ತುಟಿ ಚಳಿಗೆ ಕಹಳೆಗೇ ಅಂಟ್ಕೊಂಡಿದೆ.'

'ಎಂಗಲ್‌ಬರ್ಟ್ ಇಳೀತಿಲ್ಲ.'

'ಯಾಕಂತೆ?'

'ಬುರ್ಗಿ ಇನ್ನೂ ಮೇಲಿದಾಳಂತೆ. ಹಿರಿಯರು ಮೇಲಿದ್ದಾಗ ಹೆಂಗೆ ಇಳಿಯೋದು ಅಂತಾನೆ.'

'ಅವಳನ್ನ ಲಿಫ್ಟಲ್ಲಿ ಕೆಳಗೆ ಕಳಿಸು.'

'ಈ ಲಿಫ್ಟು ಮೇಲಕ್ಕೆ ಎಳೆಯುತ್ತೆ, ಕೆಳಗೆ ಇಳಿಸಲ್ಲ. ಇಲ್ಲೇ ಹುಟ್ಟಿದವನಿಗೆ ಅದನ್ನೂ ನಾನು ಹೇಳ್ಬೇಕಾ?'

ಬುರ್ಗಿಗೆ ಎಲ್ಲ ಕೇಳಿಸಿತು. ಅವಳು ಸಾಲಿನ ಹತ್ತಿರ ಬಂದಳು. 'ನಾನು ಕಾಡಿನ ದಾರೀಲಿ ಇಳ್ಕೊಂಡು ಹೋಗ್ತೀನಿ. ನೀವು ನಿಮ್ಮ ಪಾಡಿಗೆ ಇಳೀರಿ, ಜನ ಕಾಯ್ತಿದಾರೆ.'

'ಹೋಗು,' ಎಂದ ಎಂಗಲ್‌ಬರ್ಟ್. 'ಆಗ್ಲೂ ನೀನೇ ಮೊದಲು ಇಳಿದ ಹಾಗಾಯ್ತು. ನಾವು ಒಂಬತ್ತು ಜನಾನೂ ಕಾಡಲ್ಲೇ ಹಿಂದೆ ಬರ್ತೀವಿ. ವಾದ್ಯದವರು ಮರಕ್ಕೆ ಊದ್ಲಿ.'

ನಾನು ಅದನ್ನು ಹಾಗೆಯೇ ಫೋನಿಗೆ ಹೇಳಿದೆ. ಆ ಕಡೆ ಕಹಳೆ ಐದನೇ ಸಲ ಶುರುವಾಯಿತು.

'ಅವಳೇ ಮುಂದೆ ಬರಲಿ,' ಎಂದ ಗೆಬ್ಹಾರ್ಡ್.

'ಹೆಲ್ಮೆಟ್ ಸಮೇತಾನಾ?'

'ಬರಲಿ ಅಂದೆನಲ್ಲೋ.'

ಬುರ್ಗಿ ಸಾಲಿನ ಮುಂದೆ ಬಂದು ನಿಂತಳು. ಗದ್ದದ ಕೆಳಗಿನ ಪಟ್ಟಿ ಬಿಗಿದುಕೊಂಡಳು. ಕೊಂಡಿ ಎರಡು ಸಲ ತಪ್ಪಿತು. ಹಿಂದೆ ತಿರುಗಿ, 'ಅಂತರ ಬಿಟ್ಟು ಬನ್ನಿ, ಬೆನ್ನ ಮೇಲೆ ಬೀಳ್ಬೇಡಿ' ಎಂದು ಕೋಲು ಊರಿ ದೂಡಿಕೊಂಡಳು.

ಜನ ನಕ್ಕರೋ ಇಲ್ಲವೋ ಅಷ್ಟು ಎತ್ತರಕ್ಕೆ ಕೇಳಿಸುವುದಿಲ್ಲ. ಅವರೆಲ್ಲ ಕೆಳಗೆ ಸೇರಿದ ಮೇಲೆ ನಾನು ಹೊರಗೆ ಬಂದು ಇಳಿಜಾರು ನೋಡಿದೆ. ಹತ್ತು ಜನ ಹೋಗಿದ್ದರೂ ಹಿಮದ ಮೇಲೆ ಒಬ್ಬರೇ ಹೋದ ಹಾಗೆ ಒಂದೇ ಜಾಡು ಇತ್ತು.